9,140 ಅಕ್ಷರವನ್ನು 5,300ಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ತಿಪಟೂರಿನವಳು. 11ನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದೆ. ಈ ಸಲ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುತ್ತಿದ್ದೇನೆ. ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧ, ಅದೇ ಪರ್ಸನಲ್ ಸ್ಟೇಟ್‌ಮೆಂಟ್, 9,140 ಅಕ್ಷರ ಆಗಿದೆ, ಮಿತಿ ಇರುವುದು 5,300. ಎರಡು ವಾರದಿಂದ ಅಲ್ಲೊಂದು ಪದ ಇಲ್ಲೊಂದು ಪದ ತೆಗೆಯುತ್ತಲೇ ಇದ್ದೇನೆ, 300 ಕೂಡ ಇಳಿದಿಲ್ಲ. ಅಮ್ಮ ಏನನ್ನೂ ಬಿಡಬೇಡ ಅನ್ನುತ್ತಾರೆ. ಕರಡು ಕಳಿಸಿದ್ದೇನೆ, ಏನು ತೆಗೆಯಲಿ ಹೇಳಿ. ನನ್ನನ್ನು ನೀನು ಅಂತಲೇ ಕರೆಯಿರಿ.

ಉತ್ತರ: ಪದ ತೆಗೆಯುವ ಕೆಲಸವನ್ನು ಇವತ್ತಿಗೆ ನಿಲ್ಲಿಸಿಬಿಡು. ನಿನಗೆ 3,840 ಅಕ್ಷರ ಇಳಿಯಬೇಕು. ಅಷ್ಟನ್ನೂ ಪದಗಳಲ್ಲೇ ಉಳಿಸಲು ಹೋದರೆ ಒಂದೊಂದು ವಾಕ್ಯವೂ ಸೊರಗಿ ಕಡ್ಡಿಯಾಗುತ್ತದೆ, ವಿಷಯ ಮಾತ್ರ ಒಂದೂ ಕಡಿಮೆ ಆಗುವುದಿಲ್ಲ. ನಿನ್ನ ಕರಡಿನಲ್ಲಿ ಈಗ 9 ವಿಷಯ ಇವೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿದೆ, ನೀನೂ ನೋಡು. ಅಜ್ಜನ ಪಾರ್ಶ್ವವಾಯು 1,800, ಅಮೆರಿಕಕ್ಕೆ ಬಂದದ್ದು 500, ಹೈಸ್ಕೂಲಿನ ಬಯಾಲಜಿ ಮತ್ತು ರೋಬೋಟಿಕ್ಸ್ 750, ಭರತನಾಟ್ಯ 900, ಲ್ಯಾಬಿನ ಜೀಬ್ರಾಫಿಶ್ 1,500, ಉಚಿತ ಕ್ಲಿನಿಕ್ 1,600, ಡಾಕ್ಟರ ಹಿಂದೆ ಓಡಾಡಿದ ಶ್ಯಾಡೋಯಿಂಗ್ 900, ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂದದ್ದಕ್ಕೆ ಸಮಜಾಯಿಷಿ 590, ಕೊನೆಗೆ ಮಹನೀಯರೊಬ್ಬರ ಮಾತು ಹಾಕಿ ಮುಗಿಸಿದ್ದು 600. ಇದರಲ್ಲಿ ಕೆಲವು ಇಡಿಯಾಗಿ ಹೋಗಬೇಕು. ಒಂದು ಬೆಳೆಯಬೇಕು. ಹೌದು, ಬೆಳೆಯಬೇಕು.

ಮೊದಲು ಅಮ್ಮನ ಮಾತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಾನೂ ಅವರ ಕಾಲದವಳೇ. ಪರೀಕ್ಷೆಯಲ್ಲಿ ಅಡಿಷನಲ್ ಶೀಟ್ ತೆಗೆದುಕೊಂಡಷ್ಟೂ, ಅದನ್ನು ದಾರ ಹಾಕಿ ಕಟ್ಟಿದಷ್ಟೂ ಮಾರ್ಕ್ಸ್ ಜಾಸ್ತಿ ಅಂತ ನಂಬಿ ಬರೆದವರು ನಾವು. ನಮ್ಮ ಊರಿನಲ್ಲಿ ಮೆಡಿಕಲ್ ಸೀಟಿಗೆ ಯಾರೂ "ನೀನು ಯಾಕೆ ಡಾಕ್ಟರ್ ಆಗಬೇಕು" ಅಂತ ಕೇಳಲೇ ಇಲ್ಲ. ಆಗ ಸಿಇಟಿ ರ‍್ಯಾಂಕ್, ಈಗ ನೀಟ್‌ನ 720ಕ್ಕೆ ಎಷ್ಟು ಅನ್ನುವುದು, ಅಲ್ಲಿಗೆ ಮುಗಿಯಿತು. ಇಲ್ಲಿ ನಿನ್ನ ಜಿಪಿಎ, ಪ್ರವೇಶ ಪರೀಕ್ಷೆ ಎಂಸಿಎಟಿಯಲ್ಲಿ 528ಕ್ಕೆ ಎಷ್ಟು ಅನ್ನುವುದು, ಎಲ್ಲ ಬೇರೆ ಕಡೆ ಆಗಲೇ ಇದೆ. ಈ ಪ್ರಬಂಧಕ್ಕೆ ಆಮ್‌ಕ್ಯಾಸ್, ಅಂದರೆ ಇಲ್ಲಿನ ಹೆಚ್ಚಿನ ಮೆಡಿಕಲ್ ಸ್ಕೂಲುಗಳಿಗೆ ಒಟ್ಟಿಗೆ ಹಾಕುವ ಅರ್ಜಿ, ಕೇಳುವುದು ಒಂದೇ ಪ್ರಶ್ನೆ: ಮೆಡಿಕಲ್ ಸ್ಕೂಲಿಗೆ ಯಾಕೆ ಹೋಗಬೇಕು ಅಂತಿದ್ದೀಯ? ಯಾವ ಪ್ಯಾರಾ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲವೋ ಅದಕ್ಕೆ ಇಲ್ಲಿ ಜಾಗ ಇಲ್ಲ. ಅದು ಎಷ್ಟೇ ಹೆಮ್ಮೆಯ ವಿಷಯವಾಗಿರಲಿ.

ಇಲ್ಲಿನ ಒಂದು ಮೆಡಿಕಲ್ ಸ್ಕೂಲಿನ ಆಯ್ಕೆ ಸಮಿತಿಯಲ್ಲಿ ನಾನು 7 ವರ್ಷ ಕೂತಿದ್ದೇನೆ. ಒಂದೇ ಶನಿವಾರ 20 ಅರ್ಜಿ ಓದಿದ ದಿನಗಳೂ ಇವೆ. ಹಾಗೆ ಓದುವಾಗ ಏನು ನೆನಪಿರುತ್ತದೆ ಗೊತ್ತಾ? ಒಬ್ಬರ ಬಗ್ಗೆ ಒಂದೇ ಒಂದು. ಸಮಿತಿಯಲ್ಲಿ ಮಾತಾಡುವಾಗ "ಆ ಹುಡುಗಿ, ಅದೇ, ಹೀಗೆ ಮಾಡಿದಳಲ್ಲ" ಅಂತ ಶುರು ಮಾಡುತ್ತೇವೆ. 9 ವಿಷಯ ಕೊಟ್ಟರೆ ಆ ಒಂದು ಯಾವುದು ಅಂತ ನಾವು ಆರಿಸಬೇಕಾಗುತ್ತದೆ, ಸುಸ್ತಾದ ಹೊತ್ತಿನಲ್ಲಿ ನಾವು ಆರಿಸುವುದು ನಿನಗೆ ಬೇಕಾದದ್ದೇ ಆಗಿರಬೇಕು ಅಂತೇನಿಲ್ಲ. ಅದಕ್ಕೇ ನೀನೇ ಆರಿಸಿ ಕೊಡು.

ನಿನ್ನದು ಯಾವುದು ಅಂತ ನನಗೆ ಗೊತ್ತಾಯಿತು. ಆದರೆ ಗೊತ್ತಾದದ್ದು ಕರಡಿನಿಂದ ಅಲ್ಲ, ನಿನ್ನ ಕಾಗದದ ಕೊನೆಯಲ್ಲಿ ಸುಮ್ನೆ ಮಾತಿಗೆ ಅಂತ ಬರೆದ ನಾಲ್ಕು ಸಾಲಿನಿಂದ. ಓದುವವರಿಗಾಗಿ ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಶನಿವಾರದ ಉಚಿತ ಕ್ಲಿನಿಕ್. ಮಗನ ಮನೆಗೆ ಆರು ತಿಂಗಳಿಗೆ ಅಂತ ಬಂದ ಒಬ್ಬ ಅಜ್ಜಿ, ಇನ್ಶೂರೆನ್ಸ್ ಇಲ್ಲ. ಫೋನಿನಲ್ಲಿ ಸಿಕ್ಕಿದ್ದು ಹಿಂದಿ ದುಭಾಷಿ. ಅಜ್ಜಿಗೆ ಬರುವುದು ಅಲ್ಪಸ್ವಲ್ಪ ಹಿಂದಿ, ಅದರ ನಡುವೆ "ಸಂಕಟ, ಸಂಕಟ" ಅಂದಿದ್ದಾರೆ. ಹಿಂದಿಯಲ್ಲಿ ಸಂಕಟ್ ಅಂದರೆ ವಿಪತ್ತು, ಕಷ್ಟ. ದುಭಾಷಿ "ಇವರಿಗೆ ಏನೋ ತೊಂದರೆ ಇದೆಯಂತೆ" ಅಂದರು. ನರ್ಸ್ ದನಿ ತಗ್ಗಿಸಿ, ಮನೆಯಲ್ಲಿ ಯಾರಾದರೂ ಹಿಂಸೆ ಕೊಡುತ್ತಿದ್ದಾರಾ ಅಂತ ಕೇಳಿದರು. ಬಾಗಿಲ ಹತ್ತಿರ ಬೆಡ್‌ಶೀಟ್ ಮಡಿಸುತ್ತಿದ್ದ ನಿನಗೆ ಮಾತ್ರ ಗೊತ್ತು, ಹಾಸನ, ತುಮಕೂರಿನ ಕಡೆ ಅಜ್ಜಿಯೊಬ್ಬರು ಎದೆಯ ಕೆಳಗೆ ಕೈ ಇಟ್ಟು ಸಂಕಟ ಅಂದರೆ ಅದು ಮನೆಯ ವಿಷಯ ಅಲ್ಲ, ಹೊಟ್ಟೆ ತೊಳಸುವ, ಎದೆ ಹಿಂಡುವ, ಒಂಥರಾ ಆಗುವ ವಿಷಯ ಅಂತ. ನೀನು ನರ್ಸಿಗೆ ಅದನ್ನು ಹೇಳಿದೆ. ಹೇಳಿದ ಮೇಲೆ, ನಾನು ದುಭಾಷಿ ಅಲ್ಲ, ಕನ್ನಡದವರನ್ನು ಲೈನಿಗೆ ಕೇಳಿ ಅಂದೆ. ಆಮೇಲೆ ಡಾಕ್ಟರ್ ಬಂದು ಇಸಿಜಿ ತೆಗೆಸಿದರು.

ಇದು ನಿನ್ನ 9,140 ಅಕ್ಷರದ ಕರಡಿನಲ್ಲಿ ಎಷ್ಟು ಜಾಗ ಪಡೆದಿದೆ? 190 ಅಕ್ಷರ. ಅದೂ ಹೇಗೆ? "ವಯಸ್ಸಾದ ರೋಗಿಯೊಬ್ಬರ ಮಾತನ್ನು ಸ್ಪಷ್ಟಪಡಿಸಲು ನೆರವಾದೆ, ಇದರಿಂದ ಸಂವಹನದ ಮಹತ್ವ ಕಲಿತೆ" ಅಂತ. ಅಜ್ಜಿಯೂ ಇಲ್ಲ, ಸಂಕಟವೂ ಇಲ್ಲ, ಬೆಡ್‌ಶೀಟೂ ಇಲ್ಲ. ಈ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಕಾಗದದ ನಾಲ್ಕು ಸಾಲನ್ನು ನೀನೊಬ್ಬಳೇ ಬರೆಯಬಹುದು.

ಹಾಗಾಗಿ ಪ್ರಬಂಧ ಇಲ್ಲಿಂದ ಶುರುವಾಗಲಿ. ಈ ದೃಶ್ಯಕ್ಕೆ 900 ಅಕ್ಷರ ಕೊಡು. ಮಿತಿ ದಾಟಿ ಕೂತವಳಿಗೆ ಬೆಳೆಸು ಅನ್ನುತ್ತಿದ್ದೇನೆ, ವಿಚಿತ್ರ ಅನ್ನಿಸಬಹುದು. ಚಿಕ್ಕದಾಗಿ ಬರೆಯುವುದು ಅಂದರೆ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸುವುದಲ್ಲ. ಒಂದು ಕಡೆ ನಿಂತು ನೋಡುವುದಕ್ಕೆ ಬೇರೆ ಕಡೆ ಜಾಗ ಬಿಡಿಸಿಕೊಳ್ಳುವುದು.

ಇಲ್ಲಿ ಒಂದು ಎಚ್ಚರ ಬೇಕು. ದೃಶ್ಯ "ನಾನು ಪದದ ಅರ್ಥ ಹೇಳಿದೆ, ಅಜ್ಜಿ ಉಳಿದರು" ಅಂತ ಮುಗಿದರೆ ನಮ್ಮ ಸಮಿತಿಯ ಯಾರಾದರೂ ಖಂಡಿತ ಕೇಳುತ್ತಾರೆ: ಹಾಗಾದರೆ ಈಕೆ ದುಭಾಷಿ ಆಗಬಹುದಲ್ಲ, ಡಾಕ್ಟರ್ ಯಾಕೆ? "ಜನಸೇವೆ ಮಾಡಬೇಕು" ಅನ್ನುವ ಎಲ್ಲ ಪ್ರಬಂಧಗಳೂ ಎಡವುವುದು ಇಲ್ಲೇ. ಜನಸೇವೆಯನ್ನು ಮೇಷ್ಟ್ರೂ ಮಾಡುತ್ತಾರೆ, ನರ್ಸೂ ಮಾಡುತ್ತಾರೆ. ಪದದ ಅರ್ಥ ಗೊತ್ತಾದ ಮೇಲೆ ಏನಾಯಿತು? ಡಾಕ್ಟರ್ ಯಾವ ಪ್ರಶ್ನೆ ಕೇಳಿದರು, ವಯಸ್ಸಾದ ಹೆಂಗಸರಲ್ಲಿ ಹೃದಯದ ತೊಂದರೆ ಎದೆನೋವಿನ ಬದಲು ಹೀಗೆ ಹೊಟ್ಟೆ ತೊಳಸಿದ ಹಾಗೂ ಬರಬಹುದು ಅಂತ ನಿನಗೆ ಯಾಕೆ ಹೇಳಿದರು, ಇಸಿಜಿ ತೆಗೆಸುವ ನಿರ್ಧಾರ ಯಾರದ್ದು, ಆ ಹೊತ್ತಿನಲ್ಲಿ ನಿನಗೆ ಏನು ಬೇಕು ಅನ್ನಿಸಿತು? ಮಾತು ಅರ್ಥವಾಗುವ ತನಕ ನೀನು ಕೆಲಸಕ್ಕೆ ಬಂದೆ, ಅದರಾಚೆ ನಿನಗೆ ಕೈಯಾಡಲಿಲ್ಲ. ಆ ಆಚೆಯ ಕೆಲಸ ನಿನಗೆ ಬೇಕು, ಅದರ ಹೊಣೆಯೂ ಬೇಕು. ನಿನ್ನ ಉತ್ತರ ಇರುವುದು ಅಲ್ಲಿ. ನನಗೆ ಕಂಡದ್ದನ್ನು ಹೇಳಿದೆ, ನಿನಗೆ ನಿಜವಾಗಿ ಅನ್ನಿಸಿದ್ದು ಬೇರೆ ಇದ್ದರೆ ಅದನ್ನೇ ಬರಿ.

ದುಭಾಷಿಯನ್ನು ಕೇಳಿದ ಸಾಲನ್ನು ಮಾತ್ರ ಬಿಡಬೇಡ. ಇಲ್ಲಿ ತರಬೇತಿ ಪಡೆದ ದುಭಾಷಿಯ ಮೂಲಕವೇ ರೋಗಿಯ ಜೊತೆ ಮಾತಾಡಬೇಕು, ಮನೆಯವರನ್ನೋ ಸಿಕ್ಕವರನ್ನೋ ನೆಚ್ಚಿಕೊಳ್ಳಬಾರದು ಅನ್ನುವ ನಿಯಮ ಇರುವುದಕ್ಕೆ ಕಾರಣವಿದೆ. ನಿನ್ನ ಮಿತಿ ನಿನಗೆ ಗೊತ್ತಿತ್ತು ಅನ್ನುವುದು ಆ ಒಂದು ಸಾಲಿನಲ್ಲಿ ಕಾಣುತ್ತದೆ, "ನಾನು ಜವಾಬ್ದಾರಿಯುತ ವ್ಯಕ್ತಿ" ಅಂತ ಬೇರೆ ಬರೆಯಬೇಕಾಗಿಲ್ಲ. ಅಜ್ಜಿಯ ಊರು, ವಯಸ್ಸು, ದಿನಾಂಕ ಯಾವುದೂ ಬೇಡ. ಯಾರೂ ಗುರುತು ಹಿಡಿಯದ ಹಾಗಿರಲಿ.

ಈ ಮಿತಿಯ ಮಾತು ಬಂದಾಗ ನಮ್ಮವರ ಮಕ್ಕಳಿಗೆಲ್ಲ ಒಂದು ಹೇಳಬೇಕು. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಾವನದ್ದೋ ಚಿಕ್ಕಪ್ಪನದ್ದೋ ನರ್ಸಿಂಗ್ ಹೋಮ್ ಇರುತ್ತದೆ. ಅಲ್ಲಿ ಪ್ರೀತಿಯಿಂದ "ಬಾ ಪುಟ್ಟಾ, ಈ ಇಂಜೆಕ್ಷನ್ ನೀನೇ ಹಾಕು" ಅನ್ನುತ್ತಾರೆ. ಅದನ್ನು ಸಾಹಸ ಅಂತ ಪ್ರಬಂಧದಲ್ಲಿ ಬರೆದವರಿದ್ದಾರೆ. ಒಳ್ಳೆಯ ಅಂಕ ಇದ್ದ ಒಬ್ಬ ಹುಡುಗ ಊರಿನಲ್ಲಿ ತಾನೇ ಹೊಲಿಗೆ ಹಾಕಿದೆ ಅಂತ ಬರೆದಿದ್ದ. ಸಮಿತಿಯಲ್ಲಿ ಅವನ ಬಗ್ಗೆ ಬೇರೆ ಮಾತೇ ಆಗಲಿಲ್ಲ, ಆ ಹೊಲಿಗೆಯಲ್ಲೇ ನಿಂತುಹೋಯಿತು. ತರಬೇತಿ ಇಲ್ಲದೆ ಇನ್ನೊಬ್ಬರ ಮೈ ಮುಟ್ಟಿ ಚಿಕಿತ್ಸೆ ಮಾಡುವುದು ಇಲ್ಲಿ ಹೇಗೆ ತಪ್ಪೋ ಅಲ್ಲೂ ಹಾಗೆಯೇ ತಪ್ಪು. ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟ ಎಎಎಂಸಿ ಹೊರದೇಶದಲ್ಲಿ ವಿದ್ಯಾರ್ಥಿಗಳು ಏನು ಮಾಡಬಾರದು ಅಂತ ಮಾರ್ಗಸೂಚಿಯನ್ನೇ ಹೊರಡಿಸಿದೆ. ನೀನು ತಿಪಟೂರಿನಲ್ಲಿ ಬರೀ ಕೂತು ನೋಡಿದೆ ಅಂತ ಬರೆದಿದ್ದೀಯ, ಸರಿಯಾಗಿದೆ.

ಈಗ ಅಜ್ಜ. ಇದು ನಿನಗೆ ಕಷ್ಟದ ಜಾಗ, ನನಗೂ ಹೇಳಲು ಕಷ್ಟ. ಅಜ್ಜ ಬಿದ್ದದ್ದು, ಆಂಬುಲೆನ್ಸ್ ಬರದೆ ಆಟೋದಲ್ಲಿ ಕರೆದುಕೊಂಡು ಹೋದದ್ದು, ಎಡಗೈ ಸ್ವಾಧೀನ ತಪ್ಪಿದ್ದು, ಕೊನೆಯ ದಿನಗಳು, ಎಲ್ಲ ಮನಸ್ಸಿಗೆ ನಾಟುವ ಹಾಗಿದೆ. ಓದಿ ಮುಗಿಸಿದಾಗ ನಿನ್ನ ಅಜ್ಜ ನನಗೆ ಚೆನ್ನಾಗಿ ಗೊತ್ತಾದರು. ನೀನು ಗೊತ್ತಾಗಲಿಲ್ಲ. 1,800 ಅಕ್ಷರದಲ್ಲಿ 9 ವರ್ಷದ ಹುಡುಗಿ ಎರಡೇ ಸಲ ಕಾಣುತ್ತಾಳೆ. ಅರ್ಜಿ ಹಾಕುತ್ತಿರುವುದು ಅಜ್ಜ ಅಲ್ಲವಲ್ಲ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಆಯಿತು, ಅದಕ್ಕೇ ಡಾಕ್ಟರ್ ಆಗುತ್ತೇನೆ ಅನ್ನುವ ಪ್ರಬಂಧ ಪ್ರತಿ ವರ್ಷ ರಾಶಿ ರಾಶಿ ಬರುತ್ತದೆ. ದುಃಖ ನಿಜವೇ, ಆದರೆ ಅದರಿಂದ ಇಲ್ಲಿಯವರೆಗಿನ ದಾರಿ ಕಾಣಿಸುವುದಿಲ್ಲ.

ಆದರೂ ಆ ಪ್ಯಾರಾದ ಒಳಗೆ ಒಂದು ವಸ್ತು ಇದೆ. ಡಾಕ್ಟರ್ ಬೆಂಚಿನ ಮೇಲೆ ನಿನ್ನ ಅಜ್ಜಿಯ ಪಕ್ಕ ಬಂದು ಕೂತು, ಔಷಧಿ ಚೀಟಿಯ ಹಿಂದೆ ತಲೆಯ ಚಿತ್ರ ಬರೆದು, ಇಲ್ಲಿ ರಕ್ತ ನಿಂತಿದೆ ಅಂತ ತೋರಿಸಿದರು. ಅಜ್ಜಿ ಆ ಚೀಟಿಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು, ಆಮೇಲೆ ಬಂದ ಬಂದವರಿಗೆಲ್ಲ ಅದನ್ನೇ ತೋರಿಸಿ ವಿವರಿಸಿದರು. ಅದನ್ನು ನೋಡುತ್ತಾ ಪಕ್ಕದಲ್ಲಿ ನಿಂತದ್ದು ನೀನು. ಅಷ್ಟನ್ನು ಮಾತ್ರ ಉಳಿಸು, 350 ಅಕ್ಷರ ಸಾಕು. ಕ್ಲಿನಿಕ್ಕಿನ ದೃಶ್ಯ ಆದ ಕೂಡಲೇ ಹಾಕು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವ ತನಕ ಪಕ್ಕದಲ್ಲಿ ಕೂರುವ ಡಾಕ್ಟರನ್ನು ನೀನು 9ನೇ ವಯಸ್ಸಿಗೇ ನೋಡಿದ್ದೆ ಅಂತ ಓದುವವರೇ ಜೋಡಿಸಿಕೊಳ್ಳುತ್ತಾರೆ. ನೀನು ಬಿಡಿಸಿ ಹೇಳಬೇಡ. 1,450 ಅಕ್ಷರ ಇಲ್ಲೇ ಇಳಿಯಿತು.

ಭರತನಾಟ್ಯ ಪೂರ್ತಿ ಹೋಗಲಿ. ಅಮ್ಮನಿಗೆ ಬೇಜಾರಾಗುತ್ತದೆ ಅಂತ ಗೊತ್ತು, 12 ವರ್ಷ ಕಾರು ಓಡಿಸಿಕೊಂಡು ಕ್ಲಾಸಿಗೆ ಬಿಟ್ಟು ಬಂದವರು ಅವರೇ ತಾನೆ. ಅವರಿಗೆ ಹೀಗೆ ಹೇಳು: ಅದು ಅರ್ಜಿಯಿಂದ ಹೋಗುತ್ತಿಲ್ಲ, ಜಾಗ ಬದಲಾಗುತ್ತಿದೆ ಅಷ್ಟೇ. ಅದೇ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಬೇರೆ ವಿಭಾಗ ಇದೆ. 15 ಚಟುವಟಿಕೆ ಹಾಕಬಹುದು, ಒಂದೊಂದಕ್ಕೂ 700 ಅಕ್ಷರ. ಅದರಲ್ಲಿ ತುಂಬಾ ಮುಖ್ಯ ಅಂತ 3ನ್ನು ಆರಿಸಿದರೆ ಆ ಮೂರಕ್ಕೂ ಇನ್ನೂ 1,325 ಅಕ್ಷರ ಸಿಗುತ್ತದೆ. ರಂಗಪ್ರವೇಶ ಅಲ್ಲಿ ಹಾಯಾಗಿ ಕೂರುತ್ತದೆ. ರೋಬೋಟಿಕ್ಸ್ ಹೈಸ್ಕೂಲಿನದ್ದು, ಅದಕ್ಕೆ ಎಲ್ಲೂ ಜಾಗ ಬೇಡ. "ಚಿಕ್ಕಂದಿನಿಂದಲೂ ಮಾನವ ದೇಹದ ಬಗ್ಗೆ ಕುತೂಹಲ" ಅನ್ನುವ ಬಯಾಲಜಿ ಕ್ಲಾಸಿನ ಪ್ಯಾರಾ ಕೂಡ ಬೇಡ.

ಸಿ ಗ್ರೇಡ್ ವಿಷಯ. ಆ ಸೆಮಿಸ್ಟರ್ ಅಮ್ಮನಿಗೆ ಆಪರೇಷನ್ ಆಗಿತ್ತು, ಮನೆ ನೋಡಿಕೊಂಡೆ ಅಂತ ಬರೆದಿದ್ದೀಯ. ಅದು ನಿಜವಾದ ಕಾರಣ. ಆದರೆ ಯಾಕೆ ಡಾಕ್ಟರ್ ಅನ್ನುವ ಪ್ರಶ್ನೆಯ ನಡುವೆ ಅದು ಬಂದಾಗ ನೀನು ಇದ್ದಕ್ಕಿದ್ದಂತೆ ಕಟಕಟೆಯಲ್ಲಿ ನಿಂತ ಹಾಗೆ ಕೇಳುತ್ತದೆ. ಮುಂದೆ ಒಂದೊಂದು ಸ್ಕೂಲೂ ಸೆಕೆಂಡರಿ ಅಂತ ತನ್ನದೇ ಪ್ರಶ್ನೆ ಕಳಿಸುತ್ತದೆ. ಓದಿನಲ್ಲಿ ಎಲ್ಲಾದರೂ ತೊಂದರೆ ಆಗಿದ್ದರೆ ಹೇಳಿ ಅಂತ ಎಷ್ಟೋ ಸ್ಕೂಲುಗಳು ಅಲ್ಲಿ ಕೇಳುತ್ತವೆ. ಈ 590 ಅಕ್ಷರವನ್ನು ಎತ್ತಿಟ್ಟುಕೋ, ಅಲ್ಲಿ ಬೇಕಾಗುತ್ತದೆ.

ಜೀಬ್ರಾಫಿಶ್ ಪ್ಯಾರಾ ಉಳಿಯಲಿ, ಆದರೆ 900ಕ್ಕೆ ಇಳಿಸು. ಈಗ ಅದರಲ್ಲಿ ಜೀನುಗಳ ಹೆಸರೇ ತುಂಬಿದೆ. ಓದುವ ನನಗೆ ಮಕ್ಕಳ ಕಾಯಿಲೆ ಗೊತ್ತು, ನನ್ನ ಪಕ್ಕದಲ್ಲಿ ಕೂರುವವರು ಮೂಳೆ ಡಾಕ್ಟರ್, ಇನ್ನೊಬ್ಬರು ಎರಡನೇ ವರ್ಷದ ವಿದ್ಯಾರ್ಥಿ. ನಮ್ಮ ಮೂವರಿಗೂ ಅರ್ಥವಾಗುವ ಹಾಗೆ ಬರಿ. ಈ ಪುಟ್ಟ ಮೀನಿನ ಹೃದಯಕ್ಕೆ ಏಟಾದರೆ ಅದು ತಾನೇ ಮತ್ತೆ ಬೆಳೆಸಿಕೊಳ್ಳುತ್ತದೆ, ನಮ್ಮದು ಯಾಕೆ ಹಾಗಲ್ಲ? ಎಷ್ಟು ಚೆನ್ನಾದ ಪ್ರಶ್ನೆ ನೋಡು. ಆಮೇಲೆ ನೀನು ಕೈಯಾರೆ ಮಾಡಿದ್ದು ಏನು. ಮೊದಲ ಮೂರು ತಿಂಗಳು ಮೊಟ್ಟೆಗಳು ಸಾಯುತ್ತಲೇ ಇದ್ದವು, ಕೊನೆಗೆ ನೀರಿನ ಬಿಸಿ ಸರಿಯಿಲ್ಲ ಅಂತ ನೀನೇ ಕಂಡುಹಿಡಿದೆ ಅನ್ನುವುದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯ. ಅದು ಎರಡು ಸಾಲು ಆಗಲಿ, ಜೀನುಗಳು ಹೋಗಲಿ.

ಮಹನೀಯರ ಮಾತು ತೆಗೆ. 5,300ರಲ್ಲಿ ಒಂದಕ್ಷರವನ್ನೂ ಇನ್ನೊಬ್ಬರ ಮಾತಿಗೆ ಕೊಡಬೇಡ.

ಲೆಕ್ಕ ನೋಡೋಣ. ಅಜ್ಜನಿಂದ 1,450, ಭರತನಾಟ್ಯ 900, ಬಯಾಲಜಿ ರೋಬೋಟಿಕ್ಸ್ 750, ಕೊನೆಯ ಪ್ಯಾರಾ 600, ಮೀನಿನಿಂದ 600, ಗ್ರೇಡ್ 590 ಹೋದವು. ಅಜ್ಜಿಯ ಸಂಕಟಕ್ಕೆ 710 ಸೇರಿತು. ಈಗ 4,960. ಹೊಸದಾಗಿ ಮುಗಿಸುವುದಕ್ಕೆ ಎರಡು ಮೂರು ಸಾಲು, ಒಂದು 250 ಅಕ್ಷರ ಇಟ್ಟುಕೋ. ಒಂದು ಪದವನ್ನೂ ಉಜ್ಜದೆ ಮಿತಿಯೊಳಗೆ ಬಂದೆ.

ಪದಗಳ ಕೆಲಸ ಈಗ ಮಾಡು, ಉಸಿರಾಡಲು ಜಾಗ ಸಿಗುತ್ತದೆ. "ಐ ವಾಸ್ ಗಿವನ್ ದಿ ಆಪರ್ಚುನಿಟಿ ಟು ವಾಲಂಟಿಯರ್" ಅಂತ ಬರೆದಿದ್ದೀಯ, ಇಂಗ್ಲಿಷಿನಲ್ಲಿ 40 ಅಕ್ಷರ. "ಐ ವಾಲಂಟಿಯರ್ಡ್" ಅಂದರೆ 13. "ಡ್ಯೂ ಟು ದಿ ಫ್ಯಾಕ್ಟ್ ದಟ್" 20, "ಬಿಕಾಸ್" 7. ಈ ತರಹದ್ದು ನಿನ್ನ ಕರಡಿನಲ್ಲಿ ಬೇಕಾದಷ್ಟಿವೆ. ಪ್ರತಿ ಪ್ಯಾರಾದ ಕೊನೆಯಲ್ಲಿ "ಇದರಿಂದ ನಾನು ತಾಳ್ಮೆ ಕಲಿತೆ", "ಇದರಿಂದ ನಾನು ಕರುಣೆ ಕಲಿತೆ" ಅಂತ ಒಂದು ಸಾಲು ಇದೆಯಲ್ಲ, ಆರು ಕಡೆ ಇದೆ, ಆರನ್ನೂ ಹೊಡೆದುಹಾಕು. ಮೇಲಿನ ಸಾಲುಗಳಲ್ಲಿ ತಾಳ್ಮೆ ಕಂಡಿದ್ದರೆ ಹೇಳಬೇಕಾಗಿಲ್ಲ, ಕಂಡಿಲ್ಲದಿದ್ದರೆ ಹೇಳಿದರೂ ಯಾರೂ ನಂಬುವುದಿಲ್ಲ. ಪ್ಯಾಶನೇಟ್ ಅನ್ನುವ ಪದ ನಾಲ್ಕು ಸಲ ಇದೆ, ಒಂದೂ ಬೇಡ.

ಎಐ ಬಳಸಬಹುದಾ ಅಂತ ಕಾಗದದ ನಡುವೆ ಕೇಳಿದ್ದೀಯ. ಯೋಚನೆ ಹುಡುಕುವುದಕ್ಕೆ, ತಪ್ಪು ತಿದ್ದುವುದಕ್ಕೆ ಬಳಸಬಹುದು, ಕೊನೆಗೆ ಸಲ್ಲಿಸಿದ್ದು ನಿನ್ನದೇ ಬರವಣಿಗೆ ಆಗಿರಬೇಕು ಅಂತ ಆಮ್‌ಕ್ಯಾಸ್ ನಿಯಮ. ನನ್ನ ಸಲಹೆ ಇನ್ನೂ ಬಿಗಿ. ಮೊದಲ ಕರಡಿಗೆ ಅದರ ಹತ್ತಿರ ಹೋಗಬೇಡ. ಆ "ಸಂವಹನದ ಮಹತ್ವ ಕಲಿತೆ" ಸಾಲು ಹಾಗೇ ಬಂದದ್ದು ಅಂತ ನನಗೆ ಅನುಮಾನ ಇದೆ. ಅಜ್ಜಿ ಎಲ್ಲಿ ಕೈ ಇಟ್ಟುಕೊಂಡಿದ್ದರು ಅಂತ ಅದಕ್ಕೆ ಗೊತ್ತಿಲ್ಲ, ನಿನಗೆ ಗೊತ್ತು.

ಸಣ್ಣಪುಟ್ಟದ್ದು ಕೆಲವು. ಸ್ಪೇಸ್, ಚುಕ್ಕೆ, ಪ್ಯಾರಾ ನಡುವಿನ ಖಾಲಿ ಸಾಲು ಎಲ್ಲವೂ ಅಕ್ಷರದ ಲೆಕ್ಕಕ್ಕೆ ಬರುತ್ತವೆ. ಆ ಪೆಟ್ಟಿಗೆಯಲ್ಲಿ ಬೋಲ್ಡ್, ಇಟಾಲಿಕ್ ಉಳಿಯುವುದಿಲ್ಲ, ವರ್ಡ್‌ನಿಂದ ನೇರ ಅಂಟಿಸಿದರೆ ಕೆಲವು ಚಿಹ್ನೆಗಳು ಕೆಡುತ್ತವೆ, ಮೊದಲು ನೋಟ್‌ಪ್ಯಾಡಿಗೆ ಹಾಕಿ ಅಲ್ಲಿಂದ ತಗೋ. ಒಂದೇ ಪ್ರಬಂಧ ನೀನು ಆಮ್‌ಕ್ಯಾಸ್‌ನಲ್ಲಿ ಆರಿಸಿದ ಎಲ್ಲ ಸ್ಕೂಲಿಗೂ ಹೋಗುತ್ತದೆ, ಹಾಗಾಗಿ ಯಾವ ಸ್ಕೂಲಿನ ಹೆಸರನ್ನೂ ಹಾಕಬೇಡ. ಸಲ್ಲಿಸಿದ ಮೇಲೆ ತಿದ್ದಲು ಬಿಡುವುದಿಲ್ಲ, ಅದಕ್ಕೇ ಸಲ್ಲಿಸುವ ಹಿಂದಿನ ರಾತ್ರಿ ಹೊಸ ವಾಕ್ಯ ಬರೆಯುವ ಕೆಲಸ ಇಟ್ಟುಕೊಳ್ಳಬೇಡ. ಟೆಕ್ಸಾಸಿನ ಸ್ಕೂಲುಗಳಿಗೂ ಹಾಕುತ್ತೇನೆ ಅಂದಿದ್ದೀಯ. ಅಲ್ಲಿನ ಹೆಚ್ಚಿನ ಸ್ಕೂಲುಗಳಿಗೆ ಟಿಎಂಡಿಎಸ್ಎಎಸ್ ಅನ್ನುವ ಬೇರೆ ಅರ್ಜಿ, ಅದರ ಮಿತಿ 5,000. ಅದಕ್ಕೆ ಇನ್ನೊಂದು ಪ್ರತಿ ಮಾಡಿಟ್ಟುಕೋ. ಡಿಓ, ಅಂದರೆ ಆಸ್ಟಿಯೋಪಥಿಕ್ ಮೆಡಿಸಿನ್ ಪದವಿ ಕೊಡುವ ಕಾಲೇಜುಗಳ ಅರ್ಜಿಗೆ 5,300ರದ್ದೇ ಸಾಕು.

ಕಡೆಗೆ ಒಂದು ಪರೀಕ್ಷೆ. ಹೊಸ ಕರಡು ಆದ ಮೇಲೆ ಕಂಪ್ಯೂಟರ್ ಮುಚ್ಚಿ, ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಹೋಗಿ, ಪ್ರಬಂಧದಲ್ಲಿ ಏನಿದೆ ಅಂತ ಕನ್ನಡದಲ್ಲಿ ಬಾಯಲ್ಲಿ ಹೇಳು. ನೋಡಿ ಓದಬೇಡ. ಎಲ್ಲಿ ನಿನಗೆ "ಅದೇನೋ ಬರೆದಿದ್ದೀನಮ್ಮಾ" ಅಂತ ದಾಟಿಸಬೇಕು ಅನ್ನಿಸುತ್ತದೋ ಆ ಜಾಗ ಇನ್ನೂ ಪೊಳ್ಳು, ಅಲ್ಲಿಗೆ ಗುರುತು ಹಾಕು. ಎಲ್ಲಿ ಅಮ್ಮ ಸೌಟು ಕೆಳಗಿಟ್ಟು "ಆಮೇಲೆ?" ಅನ್ನುತ್ತಾರೋ ಅದನ್ನು ಮುಟ್ಟಬೇಡ.

ಅರ್ಜಿ ಮೇ ಆರಂಭದಲ್ಲಿ ತೆರೆಯುತ್ತದೆ, ಮೇ ಕೊನೆಯ ಹೊತ್ತಿಗೆ ಸಲ್ಲಿಸಬಹುದು. ಎಷ್ಟೋ ಸ್ಕೂಲುಗಳು ಬಂದ ಹಾಗೆ ಓದುತ್ತಾ ಹೋಗುವುದರಿಂದ ಬೇಗ ಸಲ್ಲಿಸಿದರೆ ಒಳ್ಳೆಯದು. ಆದರೆ ಇಡೀ ಪ್ರಬಂಧವನ್ನು ಈಗಲೇ ಕಳಿಸಬೇಡ. ಅಜ್ಜಿಯ ಸಂಕಟದ ಆ 900 ಅಕ್ಷರ ಮಾತ್ರ ಬರೆದು, ಈ ಭಾನುವಾರದೊಳಗೆ ನನಗೆ ಕಳಿಸು.